ತಾಡಪಾಲಿನಡಿ ಹನ್ನೊಂದು ದಿನ

"ಮುಳುಗಿ ಎಷ್ಟು ಹೊತ್ತಾಯ್ತು?"

ತದಡಿಯ ಮೇಸ್ತ್ರಿ ಎಂಜಿನ್ನನ್ನು ಮುಟ್ಟುವ ಮೊದಲು ಕೇಳಿದ್ದು ಇದೊಂದನ್ನೇ. ಎಷ್ಟು ಹಳೆಯದು, ಎಷ್ಟಕ್ಕೆ ತಗೊಂಡಿರಿ, ಯಾವ ಆಯಿಲ್ ಹಾಕ್ತೀರಿ, ಇವು ಯಾವುವೂ ಅವರಿಗೆ ಬೇಕಿರಲಿಲ್ಲ. "ಎರಡು ದಿನ ಆಗಿರಬಹುದು" ಅಂದೆ. ಅವರು ಮಾತಾಡಲಿಲ್ಲ. ಪ್ಲಗ್ ಬಿಚ್ಚಿದರು. ತಂತಿಯ ತುದಿಗೆ ಬಿಳಿ ಬಟ್ಟೆಯ ಚೂರು ಸುತ್ತಿ, ಆ ತೂತಿನೊಳಗೆ ತೂರಿಸಿ, ಒಂದು ಸುತ್ತು ತಿರುಗಿಸಿ ಹೊರಗೆಳೆದರು. ಬಟ್ಟೆ ಕಾವಿ ಬಣ್ಣಕ್ಕೆ ತಿರುಗಿತ್ತು. ಅದನ್ನು ನನ್ನ ಅಂಗೈಯಲ್ಲಿ ಇಟ್ಟರು.

"ಎರಡು ದಿನಕ್ಕೆ ಹಳದಿ ಬರ್ತದೆ. ಇದು ವಾರ ದಾಟಿದ ಬಣ್ಣ."

ಹನ್ನೊಂದು ದಿನ ಆಗಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ, ನಮ್ಮೂರಲ್ಲಿ ಹೊಳೆ ದಾಟಿಸುವ ತಾರಿ ಅಜ್ಜ ಬಂದರಿನ ಕಡೆ ಮುಖ ತಿರುಗಿಸಿಕೊಂಡರು. ಅಂಗೈಯಲ್ಲಿದ್ದ ಆ ಬಟ್ಟೆಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ತುಂಬ ಹೊತ್ತು ಹಿಡಿದುಕೊಂಡೇ ನಿಂತಿದ್ದೆ.

ನಾನು ಮೀನುಗಾರನಲ್ಲ. ಕುಮಟಾ ತಾಲ್ಲೂಕಿನ ಒಂದು ಸೇವಾ ಸಹಕಾರಿ ಸಂಘದಲ್ಲಿ ಇಪ್ಪತ್ತೇಳು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮನೆ ಅಘನಾಶಿನಿಯ ದಡದಲ್ಲಿದೆ. ಹೊಳೆಯಾಚೆ ನಮಗೊಂದು ತುಂಡು ಗಜನಿ ಇದೆ. ಗಜನಿ ಎಂದರೆ ಉಪ್ಪುನೀರು ಬಂದು ಹೋಗುವ ಗದ್ದೆ. ಮಳೆಗಾಲದಲ್ಲಿ ನೀರು ಸಿಹಿಯಾದಾಗ ಅಲ್ಲಿ ಕಗ್ಗ ಬೆಳೆಯುತ್ತೇವೆ. ಉಪ್ಪಿಗೂ ನೆರೆಗೂ ಬಗ್ಗದೆ ಎದ್ದು ನಿಲ್ಲುವ ಭತ್ತ ಅದು, ಈ ಕಡೆ ಬಿಟ್ಟರೆ ಅದನ್ನು ಬಲ್ಲವರು ಕಡಿಮೆ. ಅಪ್ಪ ಇದ್ದಾಗ ಮರದ ದೋಣಿಗೆ ಗಳ ಹಾಕಿ ಹೋಗಿಬರುತ್ತಿದ್ದರು. ಅವರು ಹೋದ ಮೇಲೆ ಗದ್ದೆ ನಾಲ್ಕು ವರ್ಷ ಹಡಿಲು ಬಿದ್ದಿತ್ತು. ಮತ್ತೆ ಬಿತ್ತಬೇಕೆಂಬ ಆಸೆ ನನಗೆ ಐವತ್ತರ ಮೇಲೆ ಹುಟ್ಟಿತು. ಗಳ ಹಾಕುವ ತೋಳು ನನ್ನದಲ್ಲ. ಹಾಗಾಗಿ ಎಂಜಿನ್ ಇರುವ ದೋಣಿ ಹುಡುಕಿದೆ.

2021ರ ಮಳೆಗಾಲದ ಬಿತ್ತನೆ ಹೇಗೋ ಮುಗಿದಿತ್ತು. ಚೌತಿ ಕಳೆದ ಮೇಲೆ ಶರಾವತಿ ದಡದವರೊಬ್ಬರ ಹತ್ತಿರ ಹದಿನೆಂಟು ಅಡಿಯ ಫೈಬರ್ ದೋಣಿ ಸಿಕ್ಕಿತು. ಜೊತೆಗೆ 9.9 ಅಶ್ವಶಕ್ತಿಯ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಎರಡೂ ಸೇರಿ 46,000 ರೂಪಾಯಿ. ಹೊಸ ಎಂಜಿನ್ನೊಂದಕ್ಕೇ ಲಕ್ಷ ದಾಟುತ್ತದೆ. ಅವರು ದೊಡ್ಡ ಎಂಜಿನ್ ತೆಗೆದುಕೊಂಡಿದ್ದರು, ಇದು ಅವರಿಗೆ ಬೇಡವಾಗಿತ್ತು, ಅಷ್ಟೇ. ಡ್ರಮ್ಮಿನಲ್ಲಿ ನೀರು ತುಂಬಿಸಿ, ಎಂಜಿನ್ನಿನ ಕಾಲು ಮುಳುಗಿಸಿ, ಎರಡೇ ಎಳೆತಕ್ಕೆ ಚಾಲೂ ಮಾಡಿ ತೋರಿಸಿದರು. ಹಿಂಬದಿಯ ಸಣ್ಣ ತೂತಿನಿಂದ ಚಿಮ್ಮುವ ನೀರಿನ ಎಳೆಗೆ ನನ್ನ ಕೈ ಹಿಡಿಸಿದರು. "ಇದು ನಿಂತರೆ ಎಂಜಿನ್ ನಿಲ್ಲಿಸಿ. ಒಳಗಿನ ರಬ್ಬರ್ ಚಕ್ರ ಹೊಳೆನೀರನ್ನು ಎಳೆದು ಎಂಜಿನ್ ತಂಪು ಮಾಡ್ತಾ ಇದೆ ಅನ್ನೋದಕ್ಕೆ ಇದೇ ಸಾಕ್ಷಿ. ಮತ್ತೆ, ಓಡಿಸಿ ಬಂದ ಮೇಲೆ ಹೀಗೇ ಸಿಹಿನೀರಲ್ಲಿ ಹತ್ತು ನಿಮಿಷ ಬಿಡಿ. ಒಳಗೆ ಉಪ್ಪು ಕೂರಬಾರದು." ಪೆಟ್ರೋಲಿಗೆ ಲೀಟರಿಗೆ 20 ಮಿಲಿಯಂತೆ ಟೂ-ಟಿ ಆಯಿಲ್ ಬೆರೆಸುವುದನ್ನೂ ಅಳೆದು ತೋರಿಸಿದರು. ಒಳ್ಳೆಯ ಮನುಷ್ಯ. ಇದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ನನ್ನಿಂದ ಅವರ ಹೆಸರಿಗೆ ಮಸಿ ಹತ್ತಿತು.

ಎರಡು ತಿಂಗಳು ಎಂಜಿನ್ ಒಂದು ದಿನವೂ ಕೈಕೊಡಲಿಲ್ಲ. ಪ್ರತಿಸಲವೂ ತೊಳೆದೆ, ಪ್ರತಿಸಲವೂ ನೀರಿನ ಎಳೆ ನೋಡಿದೆ. ಮನೆಯಲ್ಲಿ ಮಾತ್ರ ಈ ವ್ಯಾಪಾರಕ್ಕೆ ಒಪ್ಪಿಗೆ ಇರಲಿಲ್ಲ. "ಗದ್ದೆಯಿಂದ ಬರೋ ಅಕ್ಕಿಗಿಂತ ದೋಣಿ ತಿನ್ನೋದೇ ಹೆಚ್ಚಾಗ್ತದೆ, ನೀವೇ ಲೆಕ್ಕ ಹಾಕಿ ನೋಡಿ" ಎಂದು ಹೆಂಡತಿ ಹೇಳಿದ್ದಳು. ಲೆಕ್ಕ ಹಾಕಿದ್ದೆ. ಅವಳು ಹೇಳಿದ್ದು ಸರಿಯಿತ್ತು. ಅವಳಿಗೆ 35,000 ಎಂದು ಹೇಳಿದ್ದೆ. ಮಿಕ್ಕ 11,000 ನನ್ನ ಉಳಿತಾಯದ ಖಾತೆಯಿಂದ ಸದ್ದಿಲ್ಲದೆ ಹೋಗಿತ್ತು. ಮುಚ್ಚಿಡುವುದು ದೋಣಿ ಮುಳುಗಿದ ದಿನ ಶುರುವಾದದ್ದಲ್ಲ.

ನವೆಂಬರ್ 4, ದೀಪಾವಳಿಯ ಅಮಾವಾಸ್ಯೆ. ಕಗ್ಗ ಕೊಯ್ಲಾಗಿ ಗಜನಿಯ ಏರಿಯ ಮೇಲೆ ಹೊರೆಗಳು ಒಣಗುತ್ತಿದ್ದವು. ಸಂಜೆ ಐದರ ಸುಮಾರಿಗೆ ಈಚೆ ದಡಕ್ಕೆ ಬಂದೆ. ಅಮಾವಾಸ್ಯೆ ಹುಣ್ಣಿಮೆಯಲ್ಲಿ ನಮ್ಮಲ್ಲಿ ಆ ಹೊತ್ತಿಗೆ ಪೂರ್ತಿ ಇಳಿತ. ಧಕ್ಕೆಯ ಕಲ್ಲುಗಳೆಲ್ಲ ಬರಿದಾಗಿ, ಕೆಸರು ಕಾಣುತ್ತಿತ್ತು. ಧಕ್ಕೆಯ ಗೋಡೆಯಲ್ಲಿ ಎರಡು ಕಬ್ಬಿಣದ ಬಳೆಗಳಿವೆ, ಮೇಲೊಂದು, ಕೆಳಗೊಂದು. ನನಗೆ ಮನೆಗೆ ಹೋಗುವ ಅವಸರ. ಕೈಗೆ ಸಿಕ್ಕಿದ್ದು ಕೆಳಗಿನ ಬಳೆ. ದೋಣಿ ಅತ್ತಿತ್ತ ತೂಗಾಡದಿರಲಿ ಎಂದು ಮೂತಿಯ ಹಗ್ಗವನ್ನು ಮಾರುದ್ದವೂ ಬಿಡದೆ ಬಿಗಿದು ಕಟ್ಟಿದೆ. ತಾರಿ ಅಜ್ಜ ತಮ್ಮ ದೋಣಿಯಿಂದಲೇ ನೋಡಿದರು.

"ಹಗ್ಗ ಉದ್ದ ಬಿಡು ತಮಾ. ಇವತ್ತು ಅಮಾಸೆ ನೀರು."

"ಹೂಂ ಅಜ್ಜ" ಅಂದೆ. ಬಿಡಲಿಲ್ಲ.

ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಯಾರ ಗೇಟಿಗೂ ಕಾಯದೆ ಕಡಲಿಗೆ ಬರುತ್ತದೆ. ಕಡಲೂ ಹಾಗೆಯೇ ಯಾರನ್ನೂ ಕೇಳದೆ ಅದರೊಳಗೆ ಬರುತ್ತದೆ. ಆ ರಾತ್ರಿ ಹನ್ನೊಂದರ ಮೇಲೆ ಭರತ ತುಂಬಿದಾಗ, ಸಂಜೆ ನನ್ನ ಮೊಣಕಾಲಿನ ಮಟ್ಟದಲ್ಲಿದ್ದ ಬಳೆಯ ಮೇಲೆ ಎದೆಮಟ್ಟದ ನೀರು ನಿಂತಿರಬೇಕು. ದೋಣಿ ಏಳಲು ನೋಡಿದೆ, ಹಗ್ಗ ಬಿಟ್ಟಿಲ್ಲ. ಮೂತಿ ಕೆಳಗೆ ಎಳೆದುಕೊಂಡಿದೆ, ಅಂಚಿನ ಮೇಲಿಂದ ನೀರು ನುಗ್ಗಿದೆ. ನಾವು ಮನೆಯಲ್ಲಿ ಲಕ್ಷ್ಮೀಪೂಜೆ ಮುಗಿಸಿ ಊಟಕ್ಕೆ ಕುಳಿತ ಹೊತ್ತು ಅದು.

ಬಲಿಪಾಡ್ಯದ ಬೆಳಗಿನ ಜಾವ ಗೋಪೂಜೆಗೆ ಹೂ ತರಲು ಎದ್ದವನು ಧಕ್ಕೆಗೂ ಹೋದೆ. ನೀರು ಮತ್ತೆ ಇಳಿದಿತ್ತು. ದೋಣಿ ತುಂಬಿದ ಬಾನಿಯ ಹಾಗೆ ಕೆಸರಿನಲ್ಲಿ ಕೂತಿತ್ತು. ಎಂಜಿನ್ನಿನ ಟೊಪ್ಪಿಗೆಯ ಸಂದುಗಳಿಂದ ಕೆಸರುನೀರು ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ಸ್ಟಾರ್ಟರ್ ಹಗ್ಗದ ಹಿಡಿಗೆ ಒಂದು ಹಸಿರು ಪಾಚಿಯ ಎಳೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸಿ ಎಸೆದದ್ದು ನನಗೆ ಇವತ್ತಿಗೂ ನೆನಪಿದೆ. ಆ ಎಳೆ ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬಂತೆ ಮಾಡಿದೆ.

ಆಗ ನಾನು ಮಾಡಬೇಕಾಗಿದ್ದದ್ದು ಇಷ್ಟು, ಆಮೇಲೆ ಮೇಸ್ತ್ರಿ ಹೇಳಿಕೊಟ್ಟದ್ದು: ಎಂಜಿನ್ನನ್ನು ಬಾವಿಕಟ್ಟೆಗೆ ಒಯ್ದು ಸಿಹಿನೀರು ಹೊಯ್ದು ಒಳಗೂ ಹೊರಗೂ ತೊಳೆಯಬೇಕು. ಎರಡೂ ಪ್ಲಗ್ ಬಿಚ್ಚಿ, ತೂತುಗಳು ಕೆಳಗಾಗುವಂತೆ ಮಲಗಿಸಿ, ಹಗ್ಗ ಎಳೆದೆಳೆದು ಸಿಲಿಂಡರಿನ ನೀರನ್ನೆಲ್ಲ ಉಗುಳಿಸಬೇಕು. ಕಾರ್ಬುರೇಟರಿನ ತಳದ ನೀರು ಬಸಿಯಬೇಕು. ಆಮೇಲೆ ತೂತುಗಳಿಗೂ ಕಾರ್ಬುರೇಟರಿನ ಬಾಯಿಗೂ ಧಾರಾಳವಾಗಿ ಎಣ್ಣೆ ಹೊಯ್ದು ಮತ್ತೆ ಎಳೆಯಬೇಕು. ಹೊಸ ಪ್ಲಗ್, ಹೊಸ ಪೆಟ್ರೋಲ್ ಹಾಕಿ ಅದೇ ದಿನ ಚಾಲೂ ಮಾಡಿ, ಮೈಯೆಲ್ಲ ಬಿಸಿಯಾಗುವವರೆಗೆ ಓಡಿಸಬೇಕು. ನಿಂತ ಎಂಜಿನ್ನು ಮುಳುಗಿದ್ದರಿಂದ, ಓಡುತ್ತಾ ನೀರು ಕುಡಿದದ್ದಲ್ಲವಾದ್ದರಿಂದ, ಒಳಗೆ ಏನೂ ಬಾಗಿರುವ ಸಂಭವವಿರಲಿಲ್ಲ. ಎರಡು ತಾಸಿನ ಕೆಲಸ.

"ಅಷ್ಟು ಮಾಡೋಕೆ ಬರೋದಿಲ್ಲ ಅಂದ್ರೆ" ಎಂದಿದ್ದರು ಮೇಸ್ತ್ರಿ, "ಒಂದು ಡ್ರಮ್ಮು ಬಾವಿನೀರಲ್ಲಿ ಹಾಗೇ ಮುಳುಗಿಸಿಟ್ಟು ನನಗೆ ಫೋನ್ ಮಾಡಿದ್ರೂ ಆಗ್ತಿತ್ತು."

ಮುಳುಗಿ ಹಾಳಾದದ್ದನ್ನು ಮತ್ತೆ ಮುಳುಗಿಸುವುದೇ ಎಂದು ನನಗೆ ಅನ್ನಿಸಿತು. ಆದರೆ ಅವರ ಮಾತಿನಲ್ಲಿ ರಸಾಯನಶಾಸ್ತ್ರವಿದೆ. ತುಕ್ಕಿಗೆ ಕಬ್ಬಿಣ ಬೇಕು, ನೀರು ಬೇಕು, ಆಮ್ಲಜನಕ ಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಐದನೇ ಒಂದು ಪಾಲು ಆಮ್ಲಜನಕ. ನಮ್ಮ ಕಡೆಯ ಬೆಚ್ಚಗಿನ ನೀರಿನಲ್ಲಿ ಕರಗಿರುವುದು ಲೀಟರಿಗೆ ಸುಮಾರು ಎಂಟು ಮಿಲಿಗ್ರಾಂನಷ್ಟು. ಪೂರ್ತಿ ಮುಳುಗಿದ ಕಬ್ಬಿಣಕ್ಕಿಂತ, ಉಪ್ಪುನೀರಿನ ತೆಳ್ಳನೆಯ ಪೊರೆ ಹೊತ್ತು ಗಾಳಿಗೆ ಬಿದ್ದ ಕಬ್ಬಿಣ ಎಷ್ಟೋ ಪಟ್ಟು ಬೇಗ ತಿನ್ನಿಸಿಕೊಳ್ಳುತ್ತದೆ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ನಮ್ಮ ಹೊಳೆಬಾಯಿಯ ಇದೇ ನೀರನ್ನು ಬೇಸಿಗೆಯಲ್ಲಿ ಆಗರಗಳಲ್ಲಿ ನಿಲ್ಲಿಸಿಯೇ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುತ್ತಾರೆ. ಅದಕ್ಕೆ ಬೇಕಾದದ್ದೂ ಬಿಸಿಲು, ಗಾಳಿ. ಅದನ್ನೇ ನಾನು ನನ್ನ ಎಂಜಿನ್ನಿಗೆ ಮಾಡಿದೆ.

ಹೌದು, ಬಿಸಿಲಿಗಿಟ್ಟೆ. ದೋಣಿಯ ನೀರು ಎತ್ತಿ ಹಾಕಿ, ಎಂಜಿನ್ ಬಿಚ್ಚಿ, ಕೈಗಾಡಿಯಲ್ಲಿ ಹಿತ್ತಲಿನ ಸೌದೆ ಕೊಟ್ಟಿಗೆಗೆ ತಂದೆ. ಕೆಸರನ್ನು ಒಂದು ಬಕೆಟ್ ನೀರಲ್ಲಿ ಮೇಲಿಂದ ಮೇಲೆ ತೊಳೆದೆ. ಟೊಪ್ಪಿಗೆ ತೆಗೆದು, ಹೆಂಡತಿ ಮಕ್ಕಳು ದನಗಳಿಗೆ ಅಡಿಕೆಯ ಹಾರ ಕಟ್ಟುವ ಗಡಿಬಿಡಿಯಲ್ಲಿದ್ದಾಗ ಕೊಟ್ಟಿಗೆಯ ಹಿಂದೆ ಬಿಸಿಲಿಗೆ ನಿಲ್ಲಿಸಿದೆ. ನೆನೆದ ಭತ್ತ ಒಣಗಿಸುವ ಕೈಗೆ ಬೇರೇನು ಹೊಳೆಯುತ್ತದೆ? ಒಣಗಿದರೆ ಸರಿಹೋಗುತ್ತದೆ ಎಂದುಕೊಂಡೆ. "ಎಂಜಿನ್ ಯಾಕೆ ತಂದ್ರಿ?" ಎಂದು ಹೆಂಡತಿ ಕೇಳಿದಾಗ "ಸರ್ವೀಸ್ ಮಾಡಬೇಕು" ಅಂದೆ. ಸಂಜೆ ನೀಲಿ ತಾಡಪಾಲು ಮುಚ್ಚಿ, ಹಗ್ಗ ಸುತ್ತಿ ಕಟ್ಟಿದೆ.

ಟೂ-ಸ್ಟ್ರೋಕ್ ಎಂಜಿನ್ನಿಗೆ ಕಾರಿನ ಎಂಜಿನ್ನಿನ ಹಾಗೆ ತಳದಲ್ಲಿ ಎಣ್ಣೆಯ ತೊಟ್ಟಿ ಇರುವುದಿಲ್ಲ. ಪೆಟ್ರೋಲಿನ ಜೊತೆ ಬೆರೆತು ಬರುವ ಎಣ್ಣೆಯ ಮಂಜೇ ಅದರ ಬೇರಿಂಗುಗಳಿಗೆ ಆಹಾರ. ಆ ಮಂಜು ಬರುವ ದಾರಿಯಲ್ಲೇ ಉಪ್ಪುನೀರು ಹೋಗಿ ಕೂತಿತ್ತು. ಮೂರನೆಯ ದಿನ ಹಗ್ಗ ಎಳೆದೆ. ಭಾರವಾಗಿತ್ತು, ಆದರೆ ತಿರುಗಿತು. ಒಳಗೆ ಮರಳು ಅರೆಯುವ ಹಾಗೆ ಸಣ್ಣ ಸದ್ದು. ಆ ಹೊತ್ತಿಗೂ ತಾರಿ ಅಜ್ಜನ ಮನೆಗೆ ಹೋಗಲು ಇನ್ನೂರು ಹೆಜ್ಜೆ ಸಾಕಿತ್ತು. ಹೋದರೆ "ಹಗ್ಗ ಉದ್ದ ಬಿಡು ಅಂದಿದ್ದೆನಲ್ಲ" ಎಂಬ ಮಾತು ಕೇಳಬೇಕು. ಅವರು ಅದನ್ನು ಹೇಳುವವರಲ್ಲ. ಹೇಳದೆ ನೋಡುತ್ತಾರಲ್ಲ, ಅದಕ್ಕೇ ಹೋಗಲಿಲ್ಲ.

ಆರನೆಯ ದಿನ ಹಗ್ಗ ಅಲ್ಲಾಡಲಿಲ್ಲ.

ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋದೆ. ಫ್ಲೈವೀಲಿನ ನಟ್ಟಿಗೆ ಸ್ಪ್ಯಾನರ್ ಹಾಕಿ, ಅದರ ಹಿಡಿಗೆ ನಾಲ್ಕಡಿಯ ನೀರಿನ ಪೈಪು ತೂರಿಸಿ, ಮೈಭಾರವನ್ನೆಲ್ಲ ಹೇರಿದೆ. ಟಕ್ ಎಂದಿತು. ಒಂದು ಅಂಗುಲ ತಿರುಗಿತು. ಸಂತೋಷದಿಂದ ಕಣ್ಣಲ್ಲಿ ನೀರು ಬಂತು ಎಂದರೆ ಸುಳ್ಳಲ್ಲ. ಅದು ಪಿಸ್ಟನ್ ಬಿಟ್ಟುಕೊಂಡ ಸದ್ದು ಎಂದುಕೊಂಡಿದ್ದೆ. ತುಕ್ಕಿಗೆ ಅಂಟಿಕೊಂಡಿದ್ದ ಪಿಸ್ಟನ್ ರಿಂಗು ಮುರಿದ ಸದ್ದು ಅದು. ಆ ಒಂದು ಅಂಗುಲದಲ್ಲಿ ಮುರಿದ ತುಂಡು ಸಿಲಿಂಡರಿನ ಗೋಡೆಯನ್ನು ಉದ್ದಕ್ಕೆ ಗೀರಿತ್ತು.

ಮರುರಾತ್ರಿ ಹೆಡ್ ಬಿಚ್ಚಲು ಕುಳಿತೆ. ಹತ್ತು ನಂಬರಿನ ಸ್ಪ್ಯಾನರಿನ ಬೋಲ್ಟುಗಳು. ಸುತ್ತ ಬಿಳಿ ಪುಡಿ ಕಟ್ಟಿತ್ತು. ಉಪ್ಪೆಂದುಕೊಂಡು ಬೆರಳಿಂದ ಒರೆಸಿದೆ. ಅದು ಉಪ್ಪಲ್ಲ, ಅಲ್ಯೂಮಿನಿಯಮ್ಮೇ ಪುಡಿಯಾದದ್ದು. ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಮೈ, ನಡುವೆ ಉಪ್ಪುನೀರು. ಎರಡು ಬೇರೆ ಲೋಹಗಳನ್ನು ಉಪ್ಪುನೀರು ಸೇರಿಸಿದಾಗ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟುತ್ತದೆ, ಅದರಲ್ಲಿ ಅಲ್ಯೂಮಿನಿಯಂ ಕರಗುತ್ತದೆ. ಕರಗಿದ್ದು ಪುಡಿಯಾಗಿ ಉಬ್ಬಿ ಬೋಲ್ಟನ್ನು ಹಿಡಿದುಕೊಳ್ಳುತ್ತದೆ. ಇದು ಹನ್ನೊಂದು ದಿನದ ಕೆಲಸವಲ್ಲ, ವರ್ಷಗಳದ್ದು. ಮೊದಲೆರಡು ಬೋಲ್ಟು ಕಿರ್ರೆನ್ನುತ್ತಾ ಬಂದವು. ಮೂರನೆಯದು ಮೊದಲು ಕಲ್ಲಿನಂತೆ ನಿಂತಿತ್ತು. ಒತ್ತಿದೆ. ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು. ಬೆಣ್ಣೆಯಲ್ಲಿ ತಿರುಗಿದ ಹಾಗೆ ಕಾಲು ಸುತ್ತು, ಸದ್ದಿಲ್ಲದೆ. ಬಿಡುತ್ತಿದೆ ಎಂದುಕೊಂಡೆ. ಹಾಗೆ ಮೆತ್ತಗಾದದ್ದರ ಅರ್ಥ ನನಗೆ ತಿಳಿದಿರಲಿಲ್ಲ. ಬಿಡುವ ಬೋಲ್ಟು ಕೂಗುತ್ತದೆ, ಮುರಿಯುವ ಬೋಲ್ಟು ಮೌನವಾಗಿ ತಿರುಚಿಕೊಳ್ಳುತ್ತದೆ. ಅಲ್ಲೇ ನಿಲ್ಲಿಸಿದ್ದರೂ ಉಳಿಯುತ್ತಿತ್ತೇನೋ. ಮತ್ತೆ ಕಾಲು ಸುತ್ತು ಹಾಕಿದೆ. ತಲೆ ಸ್ಪ್ಯಾನರಿನಲ್ಲಿ ಉಳಿಯಿತು, ಮೈ ಒಳಗೆ.

ಆ ತಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ತಾಡಪಾಲು ಮುಚ್ಚಿ, ಕೈ ತೊಳೆದು ಮಲಗಿದೆ.

ಇಷ್ಟರ ನಡುವೆ ಮಳೆ ಶುರುವಾಯಿತು. 2021ರ ನವೆಂಬರಿನ ಆ ಅಕಾಲದ ಮಳೆ ಗದ್ದೆಯಿರುವ ಯಾರಿಗೂ ಮರೆತಿರಲಿಕ್ಕಿಲ್ಲ. ಕೊಯ್ದ ಭತ್ತ ಗದ್ದೆಯಲ್ಲೇ ಮೊಳಕೆ ಬಂದ ವರ್ಷ ಅದು. ನನ್ನ ಕಗ್ಗದ ಹೊರೆಗಳು ಹೊಳೆಯಾಚೆ ಏರಿಯ ಮೇಲಿದ್ದವು. ಈಚೆ ದಡದಲ್ಲಿ ನಿಂತರೆ ಅವುಗಳ ಮೇಲಿನ ತೆಂಗಿನ ಮಡಲು ಕಾಣುತ್ತಿತ್ತು. ತಾರಿ ದೋಣಿ ಇತ್ತು, ಕೇಳಿದ್ದರೆ ನಾಲ್ಕು ಸಲ ಹೋಗಿ ಹೊತ್ತು ತರಬಹುದಿತ್ತು. ಕೇಳಿದರೆ "ನಿನ್ನ ದೋಣಿ ಎಲ್ಲಿ?" ಎಂಬ ಪ್ರಶ್ನೆ ಬರುತ್ತದೆ. ನಾಲ್ಕು ವರ್ಷದ ಮೇಲೆ ಬೆಳೆದ ಬೆಳೆ ನೆನೆಯುವುದನ್ನು ಕೊಡೆ ಹಿಡಿದು ನಿಂತು ನೋಡಿದೆ. ಇದಕ್ಕೆ ನಾನು ಯಾವ ಸಮಜಾಯಿಷಿಯನ್ನೂ ಕೊಡಲಾರೆ.

ಎಂಜಿನ್ ಓಡುತ್ತಿಲ್ಲ ಎಂಬುದು ಮಾತ್ರ ಹೇಗೋ ಊರಿಗೆ ತಿಳಿದಿತ್ತು. ಸಂಘದ ಕಟ್ಟೆಯ ಮೇಲೆ ಒಬ್ಬರು, "ಅಗ್ಗಕ್ಕೆ ಸಿಕ್ತು ಅಂದ್ರೆ ಹಾಗೇ. ನಿಮಗೆ ಕೆಟ್ಟ ಮಾಲು ದಾಟಿಸಿದ ಅವ" ಅಂದರು. ಇನ್ನೊಬ್ಬರು ಆ ಮನುಷ್ಯನ ಊರನ್ನೂ ಹೆಸರನ್ನೂ ಹಿಡಿದು ನಾಲ್ಕು ಮಾತು ಸೇರಿಸಿದರು. ನಾನು ರಶೀದಿ ಬರೆಯುತ್ತಿದ್ದೆ. ಅಲ್ಲ ಎಂದು ಒಂದು ಮಾತು ಹೇಳಬೇಕಿತ್ತು. ತಲೆಯೆತ್ತಲಿಲ್ಲ. ನನ್ನ ಕೈಗೆ ನೀರಿನ ಎಳೆ ಹಿಡಿಸಿ, ತೊಳೆಯಲು ಮರೆಯಬೇಡಿ ಎಂದವರು ಅವರು. ಅವರ ಮೇಲೆ ಬೀಳುತ್ತಿದ್ದ ಮಾತುಗಳ ನೆರಳಲ್ಲಿ ನನಗೆ ಕೂರಲು ಜಾಗ ಸಿಕ್ಕಿತ್ತು, ಕೂತೆ. ಎಂಜಿನ್ನಿಗೆ ಮಾಡಿದ್ದಕ್ಕಿಂತ, ಭತ್ತಕ್ಕೆ ಮಾಡಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಡುತ್ತದೆ. ಅದೇ ಮೇಜಿನ ಹಿಂದೆ ಕುಳಿತು ವರ್ಷಗಟ್ಟಲೆ ಸಾಲಗಾರರಿಗೆ ಹೇಳಿದ್ದೇನೆ: ಕಂತು ಕಟ್ಟಲು ಆಗದಿದ್ದರೆ ಮುಖ ತಪ್ಪಿಸಬೇಡಿ, ಬಂದು ಹೇಳಿ, ದಾರಿ ಮಾಡೋಣ, ಸುಮ್ಮನಿದ್ದರೆ ಬಡ್ಡಿ ಬೆಳೆಯುತ್ತದೆ. ಯಾಕೆ ಬರುವುದಿಲ್ಲ ಇವರು ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಈಗ ಆಗುವುದಿಲ್ಲ.

ತುಳಸಿ ಪೂಜೆಯ ಮರುದಿನ ಬೆಳಿಗ್ಗೆ ತಾರಿ ಅಜ್ಜ ಹಿತ್ತಲಿಗೆ ಬಂದರು. ನಾನು ಕೊಟ್ಟಿಗೆಯಲ್ಲೇ ಇದ್ದೆ. ತಾಡಪಾಲು ಅರ್ಧ ಸರಿದಿತ್ತು. ಅವರು ಬಾಗಿಲಲ್ಲಿ ನಿಂತು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದರು. ಎಂಜಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಮುರಿದ ಬೋಲ್ಟಿನ ಮೇಲೆ ಹೆಬ್ಬೆರಳು ಒತ್ತಿದರು.

"ಕಗ್ಗ ಮೂರು ಹೊರೆ ಹಾಳಾಯ್ತು. ಉಳಿದದ್ದು ನಮ್ಮನೆ ಮಾಳಿಗೆಗೆ ಹಾಕ್ಸಿದ್ದೆ. ಒಣಗ್ತಾ ಅದೆ" ಎಂದರು.

ನನಗೆ ಮಾತು ಹೊರಡಲಿಲ್ಲ. ಮಳೆ ಹಿಡಿದ ಎರಡನೆಯ ದಿನವೇ ಅವರು ಮಗನನ್ನು ಕರೆದುಕೊಂಡು ಹೋಗಿ ಹೊರೆಗಳನ್ನು ತಂದಿದ್ದರು. ಈಚೆ ದಡದಿಂದ ನನಗೆ ಕಾಣುತ್ತಿದ್ದ ಮಡಲುಗಳ ಕೆಳಗೆ ಆಗ ಏನೂ ಇರಲಿಲ್ಲ.

"ಅಜ್ಜ, ದೋಣಿ ಮುಳುಗಿತ್ತು."

"ಗೊತ್ತು. ಪಾಡ್ಯದ ಬೆಳಿಗ್ಗೆ ನೀ ನೀರು ಎತ್ತಿ ಹಾಕ್ತಿದ್ದೆ. ನಾ ಆಚೆ ದಡದಲ್ಲಿದ್ದೆ."

"ಮತ್ತೆ ಯಾಕೆ ಬರಲಿಲ್ಲ?"

ಕೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಅವರು ಸಿಟ್ಟಾಗಲಿಲ್ಲ. ಲುಂಗಿಯ ತುದಿಯಿಂದ ಹೆಬ್ಬೆರಳಿನ ಬಿಳಿ ಪುಡಿ ಒರೆಸಿಕೊಂಡರು. "ನಿನ್ನ ಎಂಜಿನ್ನು ತಮಾ. ನೀ ಮುಚ್ಚಿಟ್ಟದ್ದನ್ನ ನಾ ಬಂದು ತೆರೆಯೂಕೆ ಆಗ್ತದಾ? ಇವತ್ತು ಹೇಳ್ತೆ, ನಾಳೆ ಹೇಳ್ತೆ ಅಂತ ನೋಡ್ದೆ." ಸ್ವಲ್ಪ ಹೊತ್ತು ಬಿಟ್ಟು, "ನಾನೂ ಬರ್ಬೇಕಾಗಿತ್ತು" ಎಂದರು. ಅವರು ಆ ಕೊನೆಯ ಮಾತು ಹೇಳಬಾರದಿತ್ತು. ಅದರ ಭಾರವನ್ನು ನಾನು ಇನ್ನೂ ಇಳಿಸಿಲ್ಲ.

ಅವತ್ತೇ ಎಂಜಿನ್ ತದಡಿಗೆ ಹೋಯಿತು. ಹೀಗೆ ಎಲ್ಲ ಬಯಲಾದ ಮೇಲೂ ಮೇಸ್ತ್ರಿಯ ಮುಂದೆ ನನ್ನ ಬಾಯಿ "ಎರಡು ದಿನ" ಎಂದಿತು. ಮುಚ್ಚಿಡುವುದು ಅಷ್ಟು ಬೇಗ ಅಭ್ಯಾಸವಾಗುತ್ತದೆ.

ಮೇಸ್ತ್ರಿ ಡೀಸೆಲ್ಲಿಗೆ ಗೇರ್ ಆಯಿಲ್ ಬೆರೆಸಿ ಸಿಲಿಂಡರುಗಳಿಗೆ ಹೊಯ್ದು ನಾಲ್ಕು ದಿನ ಬಿಟ್ಟರು. ಆಮೇಲೆ ಬೋಲ್ಟುಗಳ ಕೆಲಸ. ಗ್ಯಾಸ್ ಉರಿಯಿಂದ ಒಂದೊಂದರ ಸುತ್ತಲಿನ ಮೈಯನ್ನು ಕಾಯಿಸುವರು, ಉರಿ ತೆಗೆದು ಬೋಲ್ಟಿನ ಬುಡಕ್ಕೆ ಮೇಣದ ಬತ್ತಿ ಮುಟ್ಟಿಸುವರು. ಕರಗಿದ ಮೇಣ ಕಣ್ಣೆದುರೇ ತಿರುಪಿನ ಕಡೆಗೆ ಇಳಿದು ಮಾಯವಾಗುತ್ತಿತ್ತು. ನೀರು ನುಗ್ಗಿದ ಸಂದಿಗೆ ಮೇಣವೂ ನುಗ್ಗುತ್ತದೆ. ಆರಿದ ಮೇಲೆ ಮತ್ತೆ ಕಾಯಿಸುವುದು, ಮತ್ತೆ ಮೇಣ. ಸ್ಪ್ಯಾನರ್ ಹಾಕಿದಾಗ ಬಿಚ್ಚುವ ಕಡೆಗೆ ಒಂದು ಕೂದಲೆಳೆ, ಬಿಗಿಯುವ ಕಡೆಗೆ ಅರ್ಧ ಕೂದಲೆಳೆ, ಹೀಗೆ ತೊಟ್ಟಿಲು ತೂಗಿದ ಹಾಗೆ. ಒಂದು ಬೋಲ್ಟಿಗೆ ಇಪ್ಪತ್ತು ನಿಮಿಷ. ನಾನು ಮುರಿದದ್ದರ ಬುಡಕ್ಕೆ ಒಂದು ನಟ್ಟು ಇಟ್ಟು ವೆಲ್ಡಿಂಗ್ ಮಾಡಿ, ಬಿಸಿ ಕೆಂಪು ಇಳಿಯುವಾಗ ತಿರುಗಿಸಿದರು. ಕೂಗುತ್ತಾ ಹೊರಗೆ ಬಂತು. ಅಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ.

ಹೆಡ್ ಎತ್ತಿದಾಗ ಒಳಗಿನದು ಕಂಡಿತು. ಔಟ್‌ಬೋರ್ಡಿನಲ್ಲಿ ಸಿಲಿಂಡರುಗಳು ಅಡ್ಡ ಮಲಗಿರುತ್ತವೆ, ಒಂದರ ಮೇಲೊಂದು. ಮೇಲಿನದರಲ್ಲಿ ತುಕ್ಕು ಚುಕ್ಕಿಚುಕ್ಕಿಯಾಗಿತ್ತು. ಕೆಳಗಿನದರಲ್ಲಿ ನೀರು ನಿಂತಿದ್ದ ಅಡಿಭಾಗದಲ್ಲಿ ಬಿದಿಗೆಯ ಚಂದ್ರನ ಆಕಾರದ ಕಂದು ಗಾಯ, ಅದರ ಪಕ್ಕದಲ್ಲಿ ನನ್ನ ನಾಲ್ಕಡಿ ಪೈಪು ಎಳೆದ ಗೀರು. ಮೇಸ್ತ್ರಿ ಗೀರಿನ ಮೇಲೆ ಉಗುರು ಓಡಿಸಿದರು. ಉಗುರು ಸಿಕ್ಕಿಕೊಂಡಿತು. "ತುಕ್ಕು ಉಜ್ಜಿ ತೆಗೀಬಹುದಿತ್ತು. ಇದಕ್ಕೆ ಬೋರಿಂಗೇ ಆಗಬೇಕು." ಎರಡೂ ಸಿಲಿಂಡರನ್ನು ಅರ್ಧ ಮಿಲಿಮೀಟರು ದೊಡ್ಡದು ಮಾಡಿಸಿ, ಆ ಅಳತೆಯ ಪಿಸ್ಟನ್ನು ರಿಂಗು ತರಿಸಬೇಕಾಯಿತು. ಕ್ರ್ಯಾಂಕಿನ ಕೆಳಗಿನ ಬೇರಿಂಗು ಕೈಯಲ್ಲಿ ತಿರುಗಿಸಿದರೆ ಜೀರಿಗೆ ಅರೆದ ಹಾಗೆ ಸದ್ದು ಮಾಡುತ್ತಿತ್ತು. ಆ ಕ್ರ್ಯಾಂಕು ಬಿಡಿಸಿ ಕೂಡಿಸಲು ಪ್ರೆಸ್ ಬೇಕು, ಮಂಗಳೂರಿಗೆ ಕಳಿಸಿದರು. ಸೀಲು, ಗ್ಯಾಸ್ಕೆಟ್, ಇಗ್ನಿಷನ್ ಕಾಯಿಲ್ಲು, ನೀರೆಳೆಯುವ ರಬ್ಬರ್ ಚಕ್ರ ಎಲ್ಲ ಸೇರಿ 39,650 ರೂಪಾಯಿ. ಅದೇ ದಿನ ತಂದಿದ್ದರೆ ಎಷ್ಟಾಗುತ್ತಿತ್ತು ಎಂದು ಕೇಳಿದೆ. "ಎರಡು ಪ್ಲಗ್ಗು, ಒಂದು ಲೀಟರ್ ಆಯಿಲ್ಲು. ನನಗೆ ಹಬ್ಬದ ಊಟ ಹಾಕ್ತಿದ್ರಿ."

ಬಿಲ್ಲನ್ನು ಹೆಂಡತಿಯ ಮುಂದಿಟ್ಟೆ. ದೋಣಿಯ ನಿಜವಾದ ಬೆಲೆಯನ್ನೂ ಅದೇ ಕಾಗದದ ಹಿಂದೆ ಬರೆದು ಕೊಟ್ಟೆ. ಅವಳು ಓದಿ, ಕನ್ನಡಕ ತೆಗೆದು, "ಹನ್ನೊಂದು ಸಾವಿರಕ್ಕೆ ಸುಳ್ಳು ಹೇಳಿದ್ರಾ?" ಎಂದಳು. ನಲವತ್ತು ಸಾವಿರದ ಮಾತೇ ಎತ್ತಲಿಲ್ಲ. ಒಂದು ವಾರ ನಮ್ಮ ಮನೆಯಲ್ಲಿ ಬಡಿಸುವ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ.

ಸಂಘದ ಕಟ್ಟೆಯ ಮೇಲೆ, ಅವತ್ತು ಆಡಿಕೊಂಡಿದ್ದ ಇಬ್ಬರೂ ಇರುವಾಗಲೇ, ಎಂಜಿನ್ನು ಒಳ್ಳೆಯದೇ ಇತ್ತು, ನಾನು ಮುಳುಗಿಸಿದೆ, ಮುಚ್ಚಿಟ್ಟು ಹಾಳುಮಾಡಿದೆ ಎಂದು ಹೇಳಿದೆ. ಅವರು ಕೇಳಿಸಿಕೊಂಡು ಮಳೆಯ ವಿಷಯಕ್ಕೆ ಹೋದರು. ಅಷ್ಟು ಸುಲಭವಿತ್ತು. ಶರಾವತಿ ದಡದವರಿಗೆ ಫೋನ್ ಮಾಡುವುದು ಅಷ್ಟು ಸುಲಭವಾಗಲಿಲ್ಲ. ಎರಡು ಸಲ ನಂಬರ್ ಒತ್ತಿ ಕತ್ತರಿಸಿದೆ. ಮೂರನೆಯ ಸಲ ಎಲ್ಲ ಹೇಳಿದೆ, ಅವರ ಹೆಸರು ಕೆಟ್ಟದ್ದನ್ನೂ ನಾನು ಸುಮ್ಮನಿದ್ದದ್ದನ್ನೂ. ಆಚೆ ಕಡೆ ತುಂಬ ಹೊತ್ತು ಬರೀ ಹೊಳೆಯ ಗಾಳಿಯ ಸದ್ದು. ಆಮೇಲೆ, "ಈಗ ನೀರು ಬರ್ತದ್ಯ ಹಿಂದಿಂದ?" ಎಂದರು.

"ಇನ್ನೂ ಕೂಡಿಸಿಲ್ಲ."

"ಕೂಡಿಸಿದ ಮೇಲೆ ಒಂದು ಫೋನ್ ಮಾಡಿ."

ಜನವರಿಯಲ್ಲಿ ಎಂಜಿನ್ ದೋಣಿಗೆ ಏರಿತು. ಹೊಸ ಪಿಸ್ಟನ್ ಕೂರುವವರೆಗೆ ಎಣ್ಣೆ ಇಮ್ಮಡಿ, ಲೀಟರಿಗೆ 40 ಮಿಲಿ. ಮೊದಲ ಗಂಟೆ ಮೆಲ್ಲಗೆ ಓಡಿಸಿ ಎಂದಿದ್ದರು ಮೇಸ್ತ್ರಿ. ತಾರಿ ಅಜ್ಜ ಮೂತಿಯಲ್ಲಿ ನನಗೆ ಬೆನ್ನು ಹಾಕಿ ಕುಳಿತರು. ಎಂಟನೆಯ ಎಳೆತಕ್ಕೆ ಹಿಡಿಯಿತು. ನೀಲಿ ಹೊಗೆ ಹೊಳೆಯ ಮೇಲೆ ಹಾಸಿತು. ಇಳಿತದ ಹೊತ್ತು, ಎದೆಮಟ್ಟ ನೀರಲ್ಲಿ ನಿಂತು ಬಳಚು ಆರಿಸುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಹಿಂದೆ ಕೈ ಚಾಚಿದೆ. ನೀರಿನ ಎಳೆ ಬಂದು ಅಂಗೈಗೆ ಬಡಿಯಿತು, ಉಗುರುಬೆಚ್ಚಗೆ.

ಹೋಗಿ ಬಂದು ಧಕ್ಕೆಗೆ ತಾಗಿಸಿದಾಗ ಹಗ್ಗ ಹಿಡಿದು ಮೇಲಿನ ಬಳೆಗೆ ಕಟ್ಟಿದೆ, ಎರಡು ಮಾರು ಸಡಿಲ ಬಿಟ್ಟು. ಅಜ್ಜ ಮೆಟ್ಟಿಲ ಮೇಲೆ ನಿಂತು ನೋಡಿದರು, ಏನೂ ಹೇಳದೆ ಮನೆ ಕಡೆ ಹೊರಟರು. ನಾನು ಫೋನ್ ತೆಗೆದು ಶರಾವತಿ ದಡದ ನಂಬರ್ ಒತ್ತಿದೆ.

ಎಂಜಿನ್ನು ಮೊದಲಿನಂತಾಗಿಲ್ಲ. ಮಾಗಿಯ ಬೆಳಗುಗಳಲ್ಲಿ ಕೆಳಗಿನ ಸಿಲಿಂಡರು ತಡವಾಗಿ ಹಿಡಿಯುತ್ತದೆ. ಒಂದೆರಡು ನಿಮಿಷ ಒಂದೇ ಕಾಲಲ್ಲಿ ಕುಂಟಿದ ಹಾಗೆ ಓಡಿ, ಆಮೇಲೆ ಎರಡನೆಯದು ಸೇರಿಕೊಳ್ಳುತ್ತದೆ. ಮೇಸ್ತ್ರಿ ಅದಕ್ಕೇನೂ ಮಾಡಬೇಕಿಲ್ಲ ಎನ್ನುತ್ತಾರೆ. ಆ ಎರಡು ನಿಮಿಷ ನಾನು ಹಗ್ಗ ಬಿಚ್ಚದೆ, ಹಿಡಿಯ ಮೇಲೆ ಕೈಯಿಟ್ಟು, ಅದು ಸೇರುವುದನ್ನು ಕೇಳುತ್ತಾ ಕೂರುತ್ತೇನೆ.